ಮುಳ್ಳಿಗೂ ಟ್ಯೂಬಿಗೂ ನಡುವೆ

ಮಳೆಗಾಲ ಬಂತೆಂದರೆ ಪಂಕ್ಚರ್ ಅಂಗಡಿಯವರಿಗೆ ಕೈತುಂಬ ಕೆಲಸ. ರಸ್ತೆಯ ಅಂಚಿನಲ್ಲಿ ಬಿದ್ದಿದ್ದ ಗಾಜಿನ ಚೂರು, ಮೊಳೆ, ಕಲ್ಲಿನ ಚಕ್ಕೆಗಳನ್ನೆಲ್ಲ ನೀರು ಎಳೆದು ತಂದು ನಡುರಸ್ತೆಗೆ ಹರಡುತ್ತದೆ. ಸಾಲದ್ದಕ್ಕೆ, ಒದ್ದೆ ರಬ್ಬರನ್ನು ಗಾಜು ಸಲೀಸಾಗಿ ಕೊಯ್ಯುತ್ತದೆ. ಚಪ್ಪಲಿ ರಿಪೇರಿ ಮಾಡುವವರು ರಬ್ಬರ್ ಕತ್ತರಿಸುವಾಗ ಹತಾರವನ್ನು ನೀರಿನಲ್ಲಿ ಅದ್ದಿಕೊಳ್ಳುವುದನ್ನು ನೋಡಿದ್ದೀರಾ, ಮಕ್ಕಳೇ? ಅದೇ ಉಪಾಯ, ಇಲ್ಲಿ ನಮ್ಮ ವಿರುದ್ಧ ಕೆಲಸ ಮಾಡುತ್ತದೆ.

ಈ ಮಾತು ಈಗ ಯಾಕೆಂದರೆ, ಜೂನ್‌ನಿಂದ ನಮ್ಮ ಮನೆಯಲ್ಲಿ ಇದೇ ಪಂಚಾಯಿತಿ. ಮೊಮ್ಮಗಳು ಒಂಬತ್ತನೇ ತರಗತಿ. ಬೆಂಗಳೂರಿನಲ್ಲಿ ಮನೆಯಿಂದ ಸ್ಕೂಲಿಗೆ ನಾಲ್ಕು ಕಿಲೋಮೀಟರ್, ಸೈಕಲ್ಲಿನಲ್ಲೇ ಹೋಗಿ ಬರುತ್ತಾಳೆ. ಮೂರು ತಿಂಗಳಲ್ಲಿ ಮೂರು ಸಲ ಪಂಕ್ಚರ್. ಮೂರನೆಯದು ಟ್ಯೂಷನ್ ಮುಗಿಸಿ ಬರುವಾಗ. ಬೀದಿದೀಪ ಇಲ್ಲದ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಮನೆ ಮುಟ್ಟುವಾಗ ಎಂಟು ಗಂಟೆ. ಸೊಸೆ ಬಾಗಿಲಲ್ಲೇ ನಿಂತಿದ್ದಳು. “ಅತ್ತೆ, ಇನ್ನೊಂದು ಸಲ ಹೀಗಾದರೆ ಸೈಕಲ್ ಸಾಕು, ವ್ಯಾನಿಗೆ ಸೇರಿಸಿಬಿಡ್ತೀನಿ” ಅಂದಳು. ತಾಯಿಯ ಆತಂಕ ತಪ್ಪಲ್ಲ. ಆದರೆ ಹುಡುಗಿಗೆ ಸೈಕಲ್ ಅಂದರೆ ಏನು ಎಂಬುದೂ ನನಗೆ ಗೊತ್ತು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಾನು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಬಸ್ಸು ಕಾಯುತ್ತ ಮೊದಲ ಪೀರಿಯಡ್ ತಪ್ಪಿಸಿಕೊಳ್ಳುತ್ತಿದ್ದ ಹುಡುಗಿಯರು ಬೆಲ್ ಬಾರಿಸುತ್ತ ಪ್ರಾರ್ಥನೆಗೆ ಮೊದಲೇ ಬಂದು ನಿಲ್ಲುತ್ತಿದ್ದರು. ಹಾಗಾಗಿ ಈ ಪಂಚಾಯಿತಿಯಲ್ಲಿ ನಾನು ಮೊಮ್ಮಗಳ ಕಡೆ.

“ಅಜ್ಜೀ, ಪಂಕ್ಚರ್ರೇ ಆಗದ ಟೈರ್ ಬಂದಿದೆಯಂತೆ, ಅದನ್ನೇ ಹಾಕಿಸೋಣ” ಅಂದಳು. ಇಬ್ಬರೂ ಸೈಕಲ್ ಅಂಗಡಿಗೆ ಹೋದೆವು. ಅಂಗಡಿಯ ಹಿರಿಯರು, “ಟೈರು ಆಮೇಲೆ ನೋಡೋಣ ಅಮ್ಮ, ಮೊದಲು ಟ್ಯೂಬು ಬಿಚ್ತೀನಿ” ಅಂದರು. ಬಿಚ್ಚಿ, ಮೂರು ಪ್ಯಾಚುಗಳನ್ನೂ ಬೆಳಕಿಗೆ ಹಿಡಿದು ನೋಡಿದರು. ನಾಡಿ ನೋಡುವ ವೈದ್ಯರ ಹಾಗೆ.

ಮೊದಲನೆಯದರಲ್ಲಿ ಅಕ್ಕಪಕ್ಕ ಎರಡು ಸಣ್ಣ ಸೀಳು, ಹಾವು ಕಚ್ಚಿದ ಗುರುತಿನಂತೆ. ಇದು ಮುಳ್ಳಿನ ಕೆಲಸವಲ್ಲ. ಗಾಳಿ ಕಡಿಮೆ ಇದ್ದಾಗ ಚಕ್ರ ಗುಂಡಿಗೆ ಬಿದ್ದು, ಟ್ಯೂಬು ರಸ್ತೆಗೂ ರಿಮ್ಮಿನ ಅಂಚಿಗೂ ನಡುವೆ ಸಿಕ್ಕಿ ಜಜ್ಜಿಹೋಗಿದ್ದು. ಎರಡನೆಯ ತೂತು ಟ್ಯೂಬಿನ ಒಳಮೈಯಲ್ಲಿತ್ತು, ಅಂದರೆ ರಿಮ್ಮಿಗೆ ತಾಗುವ ಕಡೆ. ರಿಮ್ಮಿನ ಮೇಲೆ ಹಾಸಿರುವ ಪಟ್ಟಿ ಸರಿದು, ಕಡ್ಡಿಯ ತಲೆ ಚುಚ್ಚಿತ್ತು. ಮೂರನೆಯದು ಮಾತ್ರ ಹೊರಮೈಯಲ್ಲಿ, ಸೂಜಿಮೊನೆಯಷ್ಟು. ಹಿರಿಯರು ಹತ್ತಿಯ ಉಂಡೆಯನ್ನು ಟೈರಿನ ಒಳಗೆ ಸುತ್ತ ಸವರಿದರು. ಒಂದು ಕಡೆ ಹತ್ತಿ ಸಿಕ್ಕಿಕೊಂಡಿತು. ಕೂದಲಿನಷ್ಟು ತೆಳ್ಳಗಿನ ಉಕ್ಕಿನ ತಂತಿ! ಲಾರಿ ಟೈರುಗಳ ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರುತ್ತದೆ. ಟೈರು ಸಿಡಿದಾಗ ಆ ತಂತಿಯ ತುಣುಕುಗಳು ರಸ್ತೆಯ ಮೇಲೆ ಉಳಿಯುತ್ತವೆ. ಅದನ್ನು ತೆಗೆಯದೆ ಹೊಸ ಟ್ಯೂಬು ಹಾಕಿದ್ದರೆ ಮರುದಿನವೇ ನಾಲ್ಕನೇ ಪಂಕ್ಚರ್.

ನೋಡಿದಿರಾ, ಮೂರರಲ್ಲಿ ಟೈರು ತಡೆಯಬಹುದಾಗಿದ್ದದ್ದು ಒಂದನ್ನೇ. ಎಷ್ಟು ದುಬಾರಿ ಟೈರು ಹಾಕಿದ್ದರೂ ಉಳಿದೆರಡು ಆಗಿಯೇ ಆಗುತ್ತಿದ್ದವು. ಹಾಗಾಗಿ ಟೈರು ಕೊಳ್ಳುವ ಮೊದಲು ತೂತು ಎಲ್ಲಿದೆ ಎಂದು ನೋಡಿ.

ಇನ್ನು ‘ಪಂಕ್ಚರ್ರೇ ಆಗದ ಟೈರು’. ಅದು ಇದೆ, ಸುಳ್ಳಲ್ಲ. ಗಾಳಿಯೇ ಇಲ್ಲದ ಗಟ್ಟಿ ಟೈರು. ಆದರೆ ಅದು ಹೊಸದಲ್ಲ, ಸೈಕಲ್ಲಿನ ಹಳೇ ಕಷ್ಟ. ಬೆಲ್‌ಫಾಸ್ಟ್ ಊರಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರಿದ್ದರು. ಅವರ ಪುಟ್ಟ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಟ್ಟಿ ಟೈರು. ಕಲ್ಲು ಹಾಸಿದ ಬೀದಿಯಲ್ಲಿ ಹುಡುಗನಿಗೆ ಮೈಯೆಲ್ಲ ಕುಲುಕಾಟ. ಅಪ್ಪ ತೆಳು ರಬ್ಬರಿನ ಕೊಳವೆ ಮಾಡಿ, ಗಾಳಿ ತುಂಬಿ, ಬಟ್ಟೆ ಸುತ್ತಿ ಮರದ ಗಾಲಿಗೆ ಕಟ್ಟಿ ಅಂಗಳದಲ್ಲಿ ಉರುಳಿಸಿ ನೋಡಿದರು. ಗಟ್ಟಿ ಟೈರಿನ ಗಾಲಿಗಿಂತ ಅದು ಬಹಳ ದೂರ ಉರುಳಿತು. 1888ರಲ್ಲಿ ಪೇಟೆಂಟ್ ಸಿಕ್ಕಿತು. (ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ತರುಣ 1845ರಲ್ಲೇ ಗಾಳಿಯ ಟೈರಿಗೆ ಪೇಟೆಂಟ್ ಪಡೆದಿದ್ದ ಎಂದು ಆಮೇಲೆ ಗೊತ್ತಾಗಿ ಡನ್‌ಲಪ್ ಅವರ ಪೇಟೆಂಟ್ ಬಿದ್ದುಹೋಯಿತು. ಪಾಪ, ಇಬ್ಬರೂ ಒಬ್ಬರನ್ನೊಬ್ಬರು ಅರಿಯರು.) ಗಾಳಿ ಬಂದ ದಿನವೇ ಪಂಕ್ಚರ್ರೂ ಬಂತು. ಆಗಿನ ಟೈರನ್ನು ಗಾಲಿಗೆ ಅಂಟಿಸಿಬಿಡುತ್ತಿದ್ದರು. ಫ್ರಾನ್ಸಿನಲ್ಲಿ ಮಿಶ್ಲಾಂ ಸಹೋದರರ ಕಾರ್ಖಾನೆಗೆ ಒಬ್ಬ ಸೈಕಲ್ ಸವಾರ ಪಂಕ್ಚರ್ ಆದ ಟೈರು ತಂದಾಗ ದುರಸ್ತಿಗೆ ಮೂರು ಗಂಟೆ, ಅಂಟು ಒಣಗಲು ಒಂದು ರಾತ್ರಿ ಹಿಡಿಯಿತಂತೆ. ಆ ಬೇಸರದಿಂದಲೇ ಅವರು 1891ರಲ್ಲಿ ಬಿಚ್ಚಿ ಹಾಕಬಹುದಾದ ಟೈರು ಮಾಡಿದರು. ನಮ್ಮ ಬೀದಿಯಲ್ಲಿ ಈಗ ಹತ್ತು ನಿಮಿಷದಲ್ಲಿ ಪ್ಯಾಚ್ ಹಾಕಿಕೊಡುವುದರ ಹಿಂದೆ ಅಷ್ಟು ಕಥೆ ಇದೆ. ಗಟ್ಟಿ ಟೈರು ಹಾಕಿಸಿ ನಮ್ಮ ರಸ್ತೆಯ ಗುಂಡಿಗಳಲ್ಲಿ ನಾಲ್ಕು ಕಿಲೋಮೀಟರ್ ಹೋದರೆ ಮಗುವಿನ ಬೆನ್ನಿಗೇ ಪಂಕ್ಚರ್. ನಾನಂತೂ ಬೇಡ ಅಂದೆ.

ಹಾಗಾದರೆ ನೋಡಬೇಕಾದ್ದು ಗಾಳಿಯ ಟೈರಿನಲ್ಲೇ, ರಸ್ತೆಗೂ ಟ್ಯೂಬಿಗೂ ನಡುವೆ ಏನಿದೆ ಎಂದು. ಸಾಮಾನ್ಯ ಟೈರಿನಲ್ಲಿ ನೈಲಾನ್ ಬಟ್ಟೆ, ಅದರ ಮೇಲೆ ರಬ್ಬರು, ಅಷ್ಟೇ. ಪಂಕ್ಚರ್ ತಡೆಯುವ ಟೈರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ರಬ್ಬರಿನ ಕೆಳಗೆ ಗಟ್ಟಿ ನೂಲಿನ ಪಟ್ಟಿ ಇರುತ್ತದೆ. ಹೆಚ್ಚಾಗಿ ಕೇಳಿಬರುವ ಹೆಸರು ಕೆವ್ಲಾರ್. 1965ರಲ್ಲಿ ಅಮೆರಿಕದ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದ ನೂಲು. ಪೊಲೀಸರ ಗುಂಡುನಿರೋಧಕ ಅಂಗಿಯಲ್ಲೂ ಅದೇ. ಗಾಜಿನ ಚೂರಿಗೆ ಇದು ಚೆನ್ನಾಗಿ ಅಡ್ಡ ನಿಲ್ಲುತ್ತದೆ. ಆದರೆ ತೆಳು ತಂತಿ ನೂಲಿನ ಎಳೆಗಳ ನಡುವೆ ನುಸುಳಬಹುದು. ಇನ್ನೊಂದು ಬಗೆಯಲ್ಲಿ ರಬ್ಬರಿನದೇ ಮೆತ್ತನೆಯ ದಪ್ಪ ಪದರ. ಜರ್ಮನಿಯ ಷ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟೈರಿನಲ್ಲಿ ಇದು 5 ಮಿಲಿಮೀಟರ್ ದಪ್ಪ. ಡ್ರಾಯಿಂಗ್ ಪಿನ್ ಚುಚ್ಚಿದರೂ ಮೊನೆ ಟ್ಯೂಬನ್ನು ಮುಟ್ಟುವುದಿಲ್ಲ. ಆದರೆ ಒಂದೊಂದು ಟೈರೇ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ, ಬೆಲೆಯೂ ಹಾಗೇ. ಪುಸ್ತಕದ ಚೀಲ ಹೊತ್ತು ಫ್ಲೈಓವರ್ ಏರುವ ಮಗುವಿಗೆ ಆ ಭಾರ ಗೊತ್ತಾಗುತ್ತದೆ.

ಯಾವ ಪದರವೂ ಎಲ್ಲವನ್ನೂ ತಡೆಯದು. ಬಳ್ಳಾರಿ ಜಾಲಿಯ ಉದ್ದ ಮುಳ್ಳಿಗೆ 5 ಮಿಲಿಮೀಟರ್ ಯಾವ ಲೆಕ್ಕ? ಬಯಲುಸೀಮೆಯ ನೆಗ್ಗಿಲು ಮುಳ್ಳನ್ನು ಅಜ್ಜ ಅಜ್ಜಿಯರು ಬರಿಗಾಲಲ್ಲಿ ತುಳಿದಿರುತ್ತೀರಿ. ಅದು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಪಂಕ್ಚರ್ ಬಳ್ಳಿ ಎಂದೇ ಹೆಸರು. ಕಾಲಿಗೋ ಚಕ್ರಕ್ಕೋ ಚುಚ್ಚಿಕೊಂಡು ಬೇರೆ ಊರಿಗೆ ಹೋಗಿ ಮೊಳೆಯುವುದು ಆ ಗಿಡದ ಉಪಾಯ. ಅದಕ್ಕೆ ಮಾತ್ರ ದಪ್ಪ ಪದರ ಒಳ್ಳೇ ಮದ್ದು. ಮೊಳೆಗಳ ಮಾತು ಬೇರೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬೆನೆಡಿಕ್ಟ್ ಜೆಬಕುಮಾರ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಆಫೀಸಿಗೆ ಹೋಗುವ ದಾರಿಯಲ್ಲಿ ಅಯಸ್ಕಾಂತ ಕಟ್ಟಿದ ಕೋಲಿನಿಂದ ಕಿಲೋಗಟ್ಟಲೆ ಮೊಳೆ ಹೆಕ್ಕಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅಂಥ ಮೊಳೆ ನೆಟ್ಟಗೆ ನಿಂತರೆ ಯಾವ ಟೈರಾದರೂ ಸೋತೀತು.

ಅಂಗಡಿಯಲ್ಲಿ ಮೊಮ್ಮಗಳಿಗೆ ಇಷ್ಟವಾದದ್ದು ದಪ್ಪ ದಪ್ಪ ಗುಬುಟುಗಳಿದ್ದ ಟೈರು, ಬೆಟ್ಟ ಹತ್ತುವ ಸೈಕಲ್ಲಿನದು. ನೋಡಲು ಗಂಭೀರ, ನಿಜ. ಆದರೆ ಗುಬುಟುಗಳ ನಡುವಿನ ಸಂದಿಯಲ್ಲಿ ರಬ್ಬರು ತೆಳು, ಗಾಜಿನ ಚೂರು ಕೂರುವುದೂ ಅಲ್ಲೇ. ಡಾಂಬರಿನ ಮೇಲೆ ಗರಗರ ಸದ್ದು, ಕಾಲಿಗೂ ದಣಿವು. ಪೇಟೆಯ ರಸ್ತೆಗೆ ನಡುವೆ ನುಣುಪಾಗಿ, ಪಕ್ಕದಲ್ಲಿ ಸಣ್ಣ ಗೀರುಗಳಿರುವ ಟೈರೇ ಸರಿ.

ಅಳತೆಯಲ್ಲಿ ಒಂದು ಮೋಸ ಇದೆ. 26 × 1.95 ಎಂದು ಬರೆದದ್ದೂ 26 ಇಂಚು, 26 × 1⅜ ಎಂದು ಬರೆದದ್ದೂ 26 ಇಂಚು. ಆದರೆ ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ ಸಣ್ಣದಾಗಿ 47-559, 37-590 ಎಂದೇನೋ ಇರುತ್ತದೆ, ಅದನ್ನು ಓದಿ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಎರಡನೆಯ ಅಂಕಿ ಹೊಂದಲೇಬೇಕು. ನಾವು ಕೊಂಡದ್ದು 47-559, ತೆಳುವಾದ ರಕ್ಷಣೆಯ ಪದರ ಇರುವುದು. ಸಾಮಾನ್ಯ ಟೈರಿನ ದುಪ್ಪಟ್ಟಿಗಿಂತ ತುಸು ಹೆಚ್ಚು ಬೆಲೆ ಆಯಿತು. ಒಂದನ್ನೇ ಕೊಂಡು ಹಿಂದಿನ ಚಕ್ರಕ್ಕೆ ಹಾಕಿಸಿದೆವು. ಸವಾರನ ಭಾರ ಹೆಚ್ಚು ಬೀಳುವುದು, ಪಂಕ್ಚರ್ ಹೆಚ್ಚು ಆಗುವುದು ಅದಕ್ಕೇ. ಮುಂದಿನ ಟೈರು ಇನ್ನೂ ಚೆನ್ನಾಗಿತ್ತು. ಸವೆದಿದ್ದರೆ ಅದನ್ನೂ ಬದಲಿಸಲೇಬೇಕಿತ್ತು.

ಗಾಳಿಯ ವಿಷಯಕ್ಕೆ ಬಂದರೆ ಮಕ್ಕಳಿಗೆ ಒಂದು ಆಶ್ಚರ್ಯ: ಕಾರಿನ ಟೈರಿಗೆ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ ಒತ್ತಡ ಸಾಕು, ನಮ್ಮ ಸೈಕಲ್ಲಿನ ಟೈರಿನ ಮೇಲೆ 40ರಿಂದ 65 ಎಂದು ಬರೆದಿದೆ. ತೂತಿಲ್ಲದಿದ್ದರೂ ರಬ್ಬರಿನ ಮೂಲಕ ಗಾಳಿ ನಿಧಾನವಾಗಿ ಸೋರುತ್ತಲೇ ಇರುತ್ತದೆ. ಹಾಗಾಗಿ ನಮ್ಮಲ್ಲಿ ಈಗ ಭಾನುವಾರ ಎಣ್ಣೆಸ್ನಾನಕ್ಕೆ ಮೊದಲು ಸೈಕಲ್ಲಿಗೆ ಗಾಳಿ. ಪಂಪು ಒತ್ತುವುದು ಅವಳು, ಟೈರು ತಿರುಗಿಸಿ ಗಾಜಿನ ಚೂರು ಹುಡುಕಿ ಪಿನ್ನಿನಿಂದ ಕೀಳುವುದು ನಾನು. ಪೆಟ್ರೋಲ್ ಬಂಕಿನ ಯಂತ್ರದಿಂದ ಮಕ್ಕಳು ತಾವೇ ಗಾಳಿ ಹಾಕಿಕೊಳ್ಳುವುದು ಬೇಡ. ಸಣ್ಣ ಟ್ಯೂಬು ಕಣ್ಣು ಮುಚ್ಚಿ ಬಿಡುವುದರೊಳಗೆ ಸಿಡಿಯುತ್ತದೆ.

ಸೊಸೆ ಡಿಸೆಂಬರ್‌ವರೆಗೆ ಗಡುವು ಕೊಟ್ಟಿದ್ದಾಳೆ, ಒಂದು ಷರತ್ತಿನ ಮೇಲೆ: ಕತ್ತಲೆ ದಾರಿ ಬಿಟ್ಟು ಅಂಗಡಿಸಾಲಿನ ದಾರಿಯಲ್ಲೇ ಬರಬೇಕು, ಟ್ಯೂಬು ಬದಲಿಸುವುದನ್ನು ಹುಡುಗಿ ತಾನೇ ಕಲಿಯಬೇಕು. ಚೀಲದಲ್ಲಿ ಈಗ ಒಂದು ಟ್ಯೂಬು, ಟೈರು ಎಬ್ಬಿಸುವ ಎರಡು ಪ್ಲಾಸ್ಟಿಕ್ ಕಡ್ಡಿ, ಪುಟ್ಟ ಪಂಪು. ಮೊದಲ ಸಲ ನಲವತ್ತು ನಿಮಿಷ ತೆಗೆದುಕೊಂಡಳು, ಈಗ ಹದಿನೈದು.

ಮನೆಯಲ್ಲಿ ಪ್ಯಾಚ್ ಹಾಕುವವರಿಗೆ ಅಂಗಡಿಯ ಹಿರಿಯರು ಹೇಳಿದ್ದನ್ನು ಹೇಳಿಬಿಡುತ್ತೇನೆ. ತೂತಿನ ಸುತ್ತ ಮರಳುಕಾಗದದಿಂದ ಉಜ್ಜಿ, ಸಲ್ಯೂಷನ್ನನ್ನು ತೆಳ್ಳಗೆ ಹಚ್ಚಿ ಐದು ನಿಮಿಷ ಸುಮ್ಮನಿರಿ. ಹಸಿಯಾಗಿದ್ದಾಗಲೇ ಅಂಟಿಸಿದರೆ ಬಿಟ್ಟುಕೊಳ್ಳುತ್ತದೆ. ಬೆರಳಿಗೆ ಮೆತ್ತದಷ್ಟು ಒಣಗಿದ ಮೇಲೆ ಪ್ಯಾಚ್ ಇಟ್ಟು, ನಡುವಿನಿಂದ ಅಂಚಿಗೆ ಗಟ್ಟಿಯಾಗಿ ಒತ್ತಿ.