ಖೋಟಾ ನೋಟಿನ ನಷ್ಟ ಯಾರದು?

ಹೊರದೇಶಗಳ ಪೇಟೆಗಳಲ್ಲಿ ಸುತ್ತಾಡಿದ ಅಮೆರಿಕದ ಡಾಲರ್ ನೋಟುಗಳ ಮೇಲೆ ಒಮ್ಮೊಮ್ಮೆ ಪುಟ್ಟ ಮುದ್ರೆಗಳು ಕಾಣುತ್ತವೆ. ಹಣ ಬದಲಾಯಿಸುವ ವ್ಯಾಪಾರಿಗಳು ನೋಟನ್ನು ಪರೀಕ್ಷಿಸಿ, ಸಾಚಾ ಎಂದು ಒತ್ತಿದ ಗುರುತುಗಳವು. ನಮಗೂ ಈ ಪದ್ಧತಿ ಹೊಸದಲ್ಲ. ಮೊಗಲರ ಕಾಲದ ಬೆಳ್ಳಿಯ ರೂಪಾಯಿಗಳ ಮೇಲೆ ಸರಾಫರ ಗುರುತುಗಳು ಇಂದಿಗೂ ಉಳಿದಿವೆ. ಕನ್ನಡದ ಚಿನಿವಾರನೂ ಇದೇ ಕಸುಬಿನವನು. ನಾಣ್ಯದ ಮೇಲೆ ದೊರೆಯ ಹೆಸರಿದ್ದರೂ ಪೇಟೆಯು ಸರಾಫನ ಕಣ್ಣನ್ನು ನಂಬುತ್ತಿತ್ತು. ಅವನು ತನ್ನ ಮರ್ಯಾದೆಯನ್ನೇ ಒತ್ತೆಯಿಟ್ಟು ಗುರುತು ಹಾಕುತ್ತಿದ್ದನು.

ಕಾಗದದ ಹಣ ಬಂದ ಮೇಲೆ ಈ ಹೊಣೆ ಸರಕಾರದ್ದಾಯಿತು. ನಾವು ನೆಲಸಿರುವ ನಾಸಿಕದಲ್ಲಿ 1928ರಿಂದ ನೋಟುಗಳು ಅಚ್ಚಾಗುತ್ತಿವೆ, ಮೈಸೂರಿನಲ್ಲಿ 1996ರಿಂದ. ನೀರುಗುರುತು, ಭದ್ರತಾ ಎಳೆ ಇವೇ ಸರಾಫನ ಮುದ್ರೆಯ ಸ್ಥಾನವನ್ನು ಪಡೆದಿವೆ. ಇಂದು ಬ್ಯಾಂಕು ನೋಟನ್ನು ಪರೀಕ್ಷಿಸಿ ಅದರ ಮೇಲೆ ಒತ್ತುವ ಮುದ್ರೆ ಒಂದೇ: 'ಖೋಟಾ ನೋಟು'. ಹಿಂದೆ ಸಾಚಾ ಹಣಕ್ಕೆ ಬೀಳುತ್ತಿದ್ದ ಮುದ್ರೆ ಈಗ ಸುಳ್ಳು ಹಣಕ್ಕೆ ಬೀಳುತ್ತದೆ.

ರಿಸರ್ವ್ ಬ್ಯಾಂಕಿನ ನಿಯಮದಂತೆ ಅಂಥ ನೋಟನ್ನು ಮುಟ್ಟುಗೋಲು ಹಾಕಿಕೊಂಡು, ತಂದವರಿಗೆ ರಸೀದಿ ಕೊಡುತ್ತಾರೆ. ನೋಟನ್ನಾಗಲಿ ಅದರ ಬೆಲೆಯನ್ನಾಗಲಿ ಮರಳಿಸುವುದಿಲ್ಲ. ಖೋಟಾ ಹಣ ಮತ್ತೆ ಚಲಾವಣೆಗೆ ಬರಬಾರದೆಂಬುದು ಸರಿಯೇ. ಆದರೆ ನಷ್ಟ ಯಾರದು? ನಮ್ಮ ನೆರೆಯ ದಿಂಡೋರಿಯ ದ್ರಾಕ್ಷಿ ತೋಟದಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳ ಕೂಲಿಯಲ್ಲಿ 500 ರೂಪಾಯಿಯ ಖೋಟಾ ನೋಟೊಂದು ಸೇರಿತೆನ್ನಿ. ಬ್ಯಾಂಕಿಗೆ ಒಪ್ಪಿಸಿದರೆ ದುಡಿಮೆಯ ಹಣ ಹೋಯಿತು. ಮುಸ್ಸಂಜೆಯ ಸಂತೆಯಲ್ಲಿ ಬೇರೊಬ್ಬರಿಗೆ ದಾಟಿಸಿದರೆ ಅದು ಅಪರಾಧ. ಆದರೂ ಹಣ ಉಳಿಯುತ್ತದೆ. ಪ್ರಾಮಾಣಿಕರು ಮಾತ್ರ ತಪ್ಪದೆ ದಂಡ ತೆರುವ ವ್ಯವಸ್ಥೆ ಇದು.

ಒಂದು ವ್ಯವಹಾರದಲ್ಲಿ ನಾಲ್ಕರವರೆಗೆ ಖೋಟಾ ನೋಟುಗಳು ಸಿಕ್ಕರೆ ಬ್ಯಾಂಕು ಪೊಲೀಸರಿಗೆ ತಿಂಗಳ ಕೊನೆಗೆ ಒಟ್ಟು ವರದಿ ಕೊಟ್ಟರೆ ಸಾಕು; ಐದಾದರೆ ಮೊಕದ್ದಮೆ. ಅಂದರೆ ಒಂದೆರಡು ನೋಟು ತಂದವರು ಕಳ್ಳರಲ್ಲವೆಂದು ನಿಯಮವೇ ಒಪ್ಪಿದಂತಾಯಿತು. ಹಾಗಿದ್ದ ಮೇಲೆ, ಹೆಸರು ಬರೆಯಿಸಿ ಒಂದು ನೋಟನ್ನು ತಾವಾಗಿ ಒಪ್ಪಿಸಿದವರಿಗೆ ವರ್ಷಕ್ಕೊಮ್ಮೆಯಾದರೂ ಅದರ ಬೆಲೆಯನ್ನು ತುಂಬಿಕೊಡಬಾರದೇಕೆ? ದುರುಪಯೋಗದ ಭಯವುಂಟು, ನಿಜ. ಆ ಭಯಕ್ಕೆ ಈ ಮಿತಿಯೇ ಉತ್ತರ.

ಪೇಟೆಯ ಸರಾಫನಿಂದ ಮುದ್ರೆಯ ಅಧಿಕಾರವನ್ನು ಪಡೆದುಕೊಂಡ ಸರಕಾರವು ಆ ಮುದ್ರೆಯ ಹಿಂದಿನ ಹೊಣೆಯಲ್ಲಿ ಒಂದು ಪಾಲನ್ನಾದರೂ ಹೊರಬೇಕೆಂಬುದು ನನ್ನ ಅಭಿಪ್ರಾಯ.