ಮಳೆಗಾಲದ ರೈಡ್ ಸಾಕು, ಒಮ್ಮೆ ಏಪ್ರಿಲ್‌ನಲ್ಲಿ ಶಹಾಪುರಕ್ಕೆ ಹೋಗಿಬನ್ನಿ

ಜೂನ್ ಎರಡನೇ ವಾರ ಬಂತೆಂದರೆ ಮುಂಬಯಿಯ ಬೈಕ್ ಸವಾರರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಜೀವ ಬರುತ್ತದೆ. ಮಾಳಶೇಜ್ ಘಾಟ್, ಭಂಡಾರದರಾ, ಜವ್ಹಾರ್, ತಾಮ್ಹಿಣಿ ಎಂದು ಪಟ್ಟಿ ತಯಾರಾಗುತ್ತದೆ. ನಮ್ಮ ಕನ್ನಡದ ಹುಡುಗರೂ ಇದರಲ್ಲಿ ಹಿಂದಿಲ್ಲ. ಜಲಪಾತದ ಮುಂದೆ ಒಂದು ಫೋಟೋ, ರಸ್ತೆ ಬದಿಯ ಗಾಡಿಯಲ್ಲಿ ಬಿಸಿ ಕಾಂದಾ ಭಜಿ, ಭಾನುವಾರ ರಾತ್ರಿ ಮನೆ. ವಾರವಿಡೀ ಲೋಕಲ್ ರೈಲಿನಲ್ಲಿ ನಜ್ಜುಗುಜ್ಜಾಗುವವರಿಗೆ ಇಷ್ಟಾದರೂ ಬೇಡವೇ? ಬೇಕು. ಆದರೆ ಮಳೆಗಾಲದಲ್ಲಿ ಮಾತ್ರ ಈ ಸೀಮೆಯನ್ನು ನೋಡಿದವರು ಅದನ್ನು ಅರ್ಧವೇ ನೋಡಿದಂತೆ. ನಾವು ದಿನವೂ ಕುಡಿಯುವ ನೀರಿನ ಕಥೆ ಉಳಿದ ಅರ್ಧದಲ್ಲಿದೆ.

ಕಳೆದ ಏಪ್ರಿಲ್‌ನ ಒಂದು ಶನಿವಾರ ನಾನು ಮತ್ತು ಗೆಳೆಯ ಅವನ ಹಳೆಯ ಬುಲೆಟ್ ಹತ್ತಿ ಬೆಳಗಿನ ಜಾವ ಐದೂವರೆಗೆ ಮುಲುಂಡ್ ಬಿಟ್ಟೆವು. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಇರಲಿ, ಸಮೃದ್ಧಿ ಮಹಾಮಾರ್ಗವಿರಲಿ, ದ್ವಿಚಕ್ರಕ್ಕೆ ಪ್ರವೇಶವಿಲ್ಲ. ಇದೊಂದು ಲಾಭವೇ. ಕಾರಿನವರು ಮೇಲಿನಿಂದ ಹಾರಿಹೋಗುವ ಊರುಗಳ ನಡುವೆಯೇ ಬೈಕಿನವರು ಸಾಗಬೇಕಾಗುತ್ತದೆ. ಠಾಣೆಯ ಮಾಜಿವಾಡಾ ದಾಟಿ ನಾಶಿಕ್ ಹೆದ್ದಾರಿ ಹಿಡಿದರೆ ಮೊದಲು ಸಿಗುವುದು ಭಿವಂಡಿಯ ಗೋದಾಮುಗಳು, ಆಮೇಲೆ ಪಡಘಾ, ವಾಸಿಂದ್, ಆಸನಗಾಂವ್. ದಾರಿಯುದ್ದಕ್ಕೂ ‘ಸೆಕೆಂಡ್ ಹೋಮ್’ ಜಾಹೀರಾತುಗಳು: ಬೆಟ್ಟದ ನೋಟ, ಈಜುಕೊಳ, ಸುಲಭ ಕಂತು. ಶಹಾಪುರದಲ್ಲಿ ಮಿಸಳ್ ಪಾವ್ ತಿಂದು ಆಟಗಾಂವ್ ಕಡೆಯಿಂದ ತಾನ್ಸಾ ದಾರಿಗೆ ತಿರುಗಿಕೊಂಡೆವು.

ತಾನ್ಸಾ ಅಣೆಕಟ್ಟು ಪೂರ್ಣಗೊಂಡದ್ದು 1892ರಲ್ಲಿ. ಸುಮಾರು 2.8 ಕಿಲೋಮೀಟರ್ ಉದ್ದದ ಕಲ್ಲಿನ ಕಟ್ಟಡ. ಅಲ್ಲಿಂದ ನೀರು ಇಳಿಜಾರಿನ ಬಲದಿಂದಲೇ ದಪ್ಪ ಕೊಳವೆಗಳಲ್ಲಿ ಹರಿದು ಮುಂಬಯಿಗೆ ಬರುತ್ತದೆ. ಸುತ್ತಲಿನ ಕಾಡು ಅಭಯಾರಣ್ಯ; ತೇಗದ ಮರಗಳು ಎಲೆ ಉದುರಿಸಿಕೊಂಡು ನಿಂತಿದ್ದವು. ಅಣೆಕಟ್ಟಿನ ಮೇಲೆ ಹೋಗಲು ಪಾಲಿಕೆಯ ಅನುಮತಿ ಬೇಕು. ನಾವು ದೂರದಿಂದ ನೋಡಿ, ಪಕ್ಕದ ಮಣ್ಣು ರಸ್ತೆಯಲ್ಲಿ ಮುಂದೆ ಹೋದೆವು.

ಐದಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಒಂದು ಆದಿವಾಸಿ ಪಾಡಾ. ಬಾವಿಯ ಸುತ್ತ ಬಣ್ಣಬಣ್ಣದ ಪ್ಲಾಸ್ಟಿಕ್ ಡ್ರಮ್‌ಗಳು, ಕೊಡಗಳು ಸಾಲಾಗಿ ಇದ್ದವು. ಬಾವಿಯ ತಳದಲ್ಲಿ ನೀರಿನ ಬದಲು ಕಲ್ಲು ಕಾಣುತ್ತಿತ್ತು. ಟ್ಯಾಂಕರ್ ಬಂದು ಬಾವಿಗೇ ನೀರು ಸುರಿಯುತ್ತದೆ, ಅದನ್ನೇ ಸೇದಿಕೊಳ್ಳಬೇಕು. ‘ಮಾವಶಿ, ಟ್ಯಾಂಕರ್ ಯಾವಾಗ ಬರುತ್ತದೆ?’ ಎಂದು ಮರಾಠಿಯಲ್ಲಿ ಕೇಳಿದೆ. ಬಂದಾಗ ಬರುತ್ತದೆ ಎಂದು ನಕ್ಕು, ನೀವು ಮುಂಬಯಿಯವರಾ ಎಂದು ಕೇಳಿದರು. ಹೌದು ಎಂದೆವು. ಹಾಗಾದರೆ ಇಲ್ಲಿಯ ನೀರನ್ನು ನೀವು ದಿನಾ ನೋಡುತ್ತೀರಿ ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಗೆಳೆಯ ಬಾಗಲಕೋಟೆಯವನು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಕುಟುಂಬ. ‘ನಮ್ಮ ಅಜ್ಜನ ಮನಿ ನೀರಾಗ ಹೋತು ಖರೆ. ಆದ್ರ ನಮ್ಮ ಕಡೆ ಹೊಲಕ್ಕರ ನೀರು ಬಂತು. ಇವ್ರಿಗೆ ಕುಡಿಯಾಕೂ ಇಲ್ಲಲ್ಲೋ’ ಎಂದ. ವಾಪಸು ಹೆದ್ದಾರಿ ಸೇರುವವರೆಗೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮುಂಬಯಿ ಮಹಾನಗರಪಾಲಿಕೆ ದಿನಕ್ಕೆ ಸುಮಾರು 3,850 ದಶಲಕ್ಷ ಲೀಟರ್, ಅಂದರೆ 385 ಕೋಟಿ ಲೀಟರ್ ನೀರು ಕೊಡುತ್ತದೆ. ಇದು ಏಳು ಕೆರೆಗಳಿಂದ ಬರುತ್ತದೆ. ನಗರದೊಳಗಿರುವುದು ವಿಹಾರ್ ಮತ್ತು ತುಳಸಿ ಎರಡೇ. ಅವುಗಳ ಪಾಲು ನೂರಕ್ಕೆ ಮೂರೂ ಇಲ್ಲ. ಉಳಿದದ್ದೆಲ್ಲ ಭಾತ್ಸಾ, ತಾನ್ಸಾ, ಮೋಡಕ್ ಸಾಗರ ಮತ್ತು ಮೇಲಿನ, ಮಧ್ಯ ವೈತರಣಾದಿಂದ. ಅರ್ಧದಷ್ಟು ನೀರು ಭಾತ್ಸಾ ಒಂದರದ್ದೇ. ಆ ಭಾತ್ಸಾ ಇರುವುದು, ತಾನ್ಸಾ ಇರುವುದು ಶಹಾಪುರ ತಾಲೂಕಿನಲ್ಲಿ. ಪ್ರತಿ ಬೇಸಿಗೆ ಠಾಣೆ ಜಿಲ್ಲೆಯಲ್ಲಿ ಟ್ಯಾಂಕರ್ ಓಡುವ ಸುದ್ದಿ ಬರುವುದೂ ಅದೇ ತಾಲೂಕಿನಿಂದ.

ಅಲ್ಲಿ ಮಳೆ ಕಡಿಮೆಯೇನಲ್ಲ. ವರ್ಷಕ್ಕೆ 2,000 ಮಿಲಿಮೀಟರ್ ದಾಟುತ್ತದೆ. ಆದರೆ ನೆಲದಡಿ ಗಟ್ಟಿ ಕಪ್ಪು ಶಿಲೆ, ಮೇಲೆ ತೆಳ್ಳಗಿನ ಮಣ್ಣು. ಬಿದ್ದ ನೀರು ಇಂಗದೆ ಓಡಿಹೋಗುತ್ತದೆ. ಕರಾವಳಿಯ ನಮಗೆ ಇದನ್ನು ವಿವರಿಸಬೇಕಿಲ್ಲ. ಆಷಾಢದಲ್ಲಿ ಅಂಗಳಕ್ಕೆ ನೀರು ನುಗ್ಗುವ ಊರಿನಲ್ಲೇ ಏಪ್ರಿಲ್‌ಗೆ ಬಾವಿ ಬತ್ತುತ್ತದೆ. ಅದಕ್ಕೇ ನಮ್ಮ ಹಿರಿಯರು ಮದಗ ತೋಡಿದರು, ತೋಡಿಗೆ ಕಟ್ಟ ಕಟ್ಟಿದರು, ಕಾಸರಗೋಡಿನ ಕಡೆ ಗುಡ್ಡಕ್ಕೆ ಸುರಂಗ ಕೊರೆದರು.

ನಾನು ಬೆಳ್ತಂಗಡಿ ಕಡೆಯವನು. ಎತ್ತಿನಹೊಳೆ ಯೋಜನೆ ಎಂದರೆ ನಮ್ಮ ಕಡೆಯವರ ರಕ್ತ ಬಿಸಿಯಾಗುತ್ತದೆ. ನೇತ್ರಾವತಿಗೆ ಸೇರುವ ನೀರನ್ನು ಬಯಲುಸೀಮೆಗೆ ಒಯ್ಯಬಾರದೆಂದು ವರ್ಷಗಟ್ಟಲೆ ಹೋರಾಟ ನಡೆಯಿತು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಾಗ ಮುಂಬಯಿಯ ತುಳು, ಕನ್ನಡ ಗುಂಪುಗಳಲ್ಲೂ ಬಿಸಿ ಚರ್ಚೆಯಾಯಿತು. 2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ತರುವ ಮಾತು ಎದ್ದಾಗ ಮಲೆನಾಡು ಬೀದಿಗಿಳಿಯಿತು. ಊರಿನಲ್ಲಿ ನಮ್ಮದು ನೀರು ಕಳೆದುಕೊಳ್ಳುವವರ ಪಕ್ಷ. ಮುಂಬಯಿಯಲ್ಲಿ ನಾವು ಅದೇ ಬಗೆಯ ಕೊಳವೆಯ ಇನ್ನೊಂದು ತುದಿಯಲ್ಲಿ ನಲ್ಲಿ ತಿರುಗಿಸುವವರು. ನೇತ್ರಾವತಿಯ ಬಗ್ಗೆ ಆಡುವ ಮಾತು ನ್ಯಾಯದ್ದಾದರೆ ಅದು ಭಾತ್ಸಾಕ್ಕೂ ಅನ್ವಯಿಸಬೇಕು.

‘ಹಾಗಾದರೆ ಒಂದು ಕೋಟಿಗೂ ಹೆಚ್ಚು ಜನ ನೀರಿಲ್ಲದೆ ಇರಬೇಕೇ?’ ಎಂದು ಕೇಳುವವರಿದ್ದಾರೆ. ಇಲ್ಲ. ಮುಂಬಯಿಗೆ ನೀರು ಬೇಕೇ ಬೇಕು. ಇಲ್ಲಿಯ ಝೋಪಡಪಟ್ಟಿಗಳಲ್ಲಿ ಒಂದು ಕೊಡಕ್ಕಾಗಿ ಬೆಳಗಿನ ನಾಲ್ಕಕ್ಕೆ ಏಳುವವರೂ ಇದ್ದಾರೆ. ಕೊಳವೆ ಹಾದುಹೋಗುವ ಕೆಲವು ಹಳ್ಳಿಗಳಿಗೆ ಪಾಲಿಕೆ ನೀರು ಕೊಡುತ್ತದೆ ಎನ್ನುವುದೂ ನಿಜ. ಪ್ರಶ್ನೆ ಇರುವುದು ಮೊದಲ ಪಾಲು ಯಾರದ್ದು ಎಂಬುದರಲ್ಲಿ. ನೀರು ನಿಲ್ಲುವ ಊರಿನ ಕುಡಿಯುವ ಅಗತ್ಯ ಮೊದಲು ತೀರಬೇಕು, ಆಮೇಲೆ ಕೊಳವೆ ಮುಂದೆ ಹೋಗಬೇಕು. ಶಹಾಪುರದ ಹಳ್ಳಿಗಳ ಕುಡಿಯುವ ನೀರಿನ ಬೇಡಿಕೆ 385 ಕೋಟಿ ಲೀಟರ್ ಮುಂದೆ ಎಷ್ಟರದ್ದು?

ಇನ್ನೊಂದು ಸಂಗತಿ. ಪಾಲಘರ್ ಜಿಲ್ಲೆಯ ವಾಡಾ ತಾಲೂಕಿನಲ್ಲಿ ಗಾರ್ಗಾಯಿ ಅಣೆಕಟ್ಟು ಕಟ್ಟಿ ದಿನಕ್ಕೆ 440 ದಶಲಕ್ಷ ಲೀಟರ್ ತರುವುದು ಪಾಲಿಕೆಯ ಯೋಜನೆ. ಅದಕ್ಕೆ ಆದಿವಾಸಿ ಹಳ್ಳಿಗಳು, ತಾನ್ಸಾ ಅಭಯಾರಣ್ಯದ ಕಾಡು ಮುಳುಗಬೇಕು. ಇತ್ತ ನಗರದಲ್ಲಿ ಸೋರಿಕೆ ಮತ್ತು ಕಳವಿನಿಂದ ಹೋಗುವ ನೀರು ಕಾಲು ಭಾಗಕ್ಕಿಂತ ಹೆಚ್ಚು ಎಂದು ವರ್ಷಗಳಿಂದ ಹೇಳಲಾಗುತ್ತಿದೆ. ಕಾಲು ಭಾಗ ಎಂದೇ ಹಿಡಿದರೂ 960 ದಶಲಕ್ಷ ಲೀಟರ್ ಆಯಿತು. ಎರಡು ಗಾರ್ಗಾಯಿಗಳಷ್ಟು ನೀರು ನಮ್ಮ ರಸ್ತೆಗಳ ಕೆಳಗೇ ಇದೆ.

ನಾವೇನು ಮಾಡಬಹುದು? ನಮ್ಮಲ್ಲಿ ಬಹುತೇಕರು ಇಲ್ಲಿಯ ಮತದಾರರು, ಹೌಸಿಂಗ್ ಸೊಸೈಟಿಗಳ ಸದಸ್ಯರು, ಹಲವರು ಕಾರ್ಯದರ್ಶಿಗಳು. ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಗಿ 20 ವರ್ಷ ಮೀರಿದೆ. ನಿಮ್ಮ ಕಟ್ಟಡದಲ್ಲಿ ಅದು ಕೆಲಸ ಮಾಡುತ್ತಿದೆಯೇ ಎಂದು ಮುಂದಿನ ಸಭೆಯಲ್ಲಿ ಕೇಳಿ. ಸೋರುವ ಕೊಳವೆಗಳ ದುರಸ್ತಿ ಯಾವಾಗ ಎಂದು ವಾರ್ಡಿನ ನಗರಸೇವಕರನ್ನು ಕೇಳಿ. ಅದರ ಜೊತೆಗೇ ಶಹಾಪುರದ ಹೆಸರನ್ನೂ ಎತ್ತಿ. ನಮ್ಮ ಸಂಘಗಳು ವರ್ಷಕ್ಕೊಂದು ಮಳೆಗಾಲದ ವಿಹಾರ ಏರ್ಪಡಿಸುತ್ತವೆ. ಒಂದು ವರ್ಷ ಅದನ್ನು ಏಪ್ರಿಲ್‌ಗೆ ಇಟ್ಟು, ಮಕ್ಕಳನ್ನೂ ಕರೆದುಕೊಂಡು ಕೆರೆ ಇರುವ ಊರಿಗೆ ಹೋಗಲಿ.

ಬೈಕಿನವರಿಗೆ ಹೇಳುವುದಿಷ್ಟೇ. ನೀರನ್ನು ಮನೆಯಿಂದಲೇ ಒಯ್ಯಿರಿ, ಹಳ್ಳಿಯ ಬೋರ್‌ವೆಲ್ಲಿನಲ್ಲಿ ಗಾಡಿ ತೊಳೆಯಬೇಡಿ, ಚಹಾ ಊಟವನ್ನು ಹೆದ್ದಾರಿಯ ಫುಡ್ ಮಾಲ್ ಬಿಟ್ಟು ಊರಿನವರ ಅಂಗಡಿಯಲ್ಲೇ ಮಾಡಿ. ಮುಲುಂಡಿನಿಂದ ತಾನ್ಸಾಕ್ಕೆ ಎರಡು ಗಂಟೆಯ ದಾರಿ. ಮುಂದಿನ ಏಪ್ರಿಲ್‌ನಲ್ಲಿ ಒಂದು ಶನಿವಾರವನ್ನು ಅದಕ್ಕಾಗಿ ಎತ್ತಿಡಿ.