ಪಾಠ ಮೊಬೈಲಿಗೆ ಹೋಯ್ತು, ಮೇಷ್ಟ್ರು ಎಲ್ಲಿಗೆ ಹೋಗಬೇಕು?

"ಎಲ್ಲಾ ಪಾಠಾನೂ ಯೂಟ್ಯೂಬಲ್ಲೇ ಸಿಗುತ್ತಲ್ಲ ಸಾರ್, ಇನ್ನು ಡಿಗ್ರಿ ಕಾಲೇಜು ಯಾಕೆ ಬೇಕು?" ಈ ಪ್ರಶ್ನೆ ಈಗ ನಮ್ಮ ದುರ್ಗದ ಕಡೆಯೂ ಟೀ ಅಂಗಡಿಯ ಮಾತಾಗಿದೆ. ಕೇಳೋರನ್ನ ಬೈಯೋ ಹಾಗೂ ಇಲ್ಲ, ಪ್ರಶ್ನೆಯಲ್ಲಿ ಅರ್ಧ ಸತ್ಯ ಇದೆ. ನಾನು ಇತಿಹಾಸ ಹೇಳಿಕೊಡುವ ಮೇಷ್ಟ್ರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ... ಈ ನಾಲ್ಕೂ ತಾಲ್ಲೂಕಿನ ಹುಡುಗ ಹುಡುಗಿಯರಿಗೆ ಪಾಠ ಮಾಡಿದ್ದೇನೆ. ಆ ಅರ್ಧ ಸತ್ಯ ಯಾವುದು, ಉಳಿದರ್ಧ ಯಾವುದು ಅಂತ ಬರೆಯೋಣ ಅನ್ನಿಸಿತು.

ಮೊದಲಿಗೇ ಒಂದು ಮಾತು. ದೂರದಿಂದ ಕಲಿಸೋದು ಕೊರೋನಾ ತಂದುಕೊಟ್ಟ ಹೊಸ ಸಂಗತಿಯೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಮೂಲಕ ಪಾಠ ಶುರು ಮಾಡಿತ್ತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯ್ತು. 1984ರಿಂದ ದೂರದರ್ಶನದಲ್ಲಿ ಯುಜಿಸಿ ಪಾಠಗಳು ಬರ್ತಿದ್ದವು. 2004ರಲ್ಲಿ ಪಾಠಕ್ಕೆ ಅಂತಲೇ ಎಜುಸ್ಯಾಟ್ ಉಪಗ್ರಹ ಹಾರಿಸಿದರು, ನಮ್ಮ ವಿಟಿಯು ಅದನ್ನು ಬಳಸಿಕೊಂಡಿತು. 2017ರಲ್ಲಿ 'ಸ್ವಯಂ' ಬಂತು. ಪ್ರತಿ ಸಲವೂ "ಇನ್ನು ಮೇಷ್ಟ್ರ ಕಾಲ ಮುಗೀತು" ಅಂದರು. ಮುಗೀಲಿಲ್ಲ!

ಆದರೆ 2020ರ ಮಾರ್ಚ್ ಬೇರೆ ಥರ. ಅಂಚೆ ಪಾಠ ಕಾಲೇಜಿಗೆ ಬರಲಾಗದವರಿಗಿತ್ತು. ಲಾಕ್‌ಡೌನ್ ಬಂದಾಗ ಕಾಲೇಜಿಗೆ ಬರುತ್ತಿದ್ದವರೂ ಒಟ್ಟಿಗೇ ಮನೆಯಲ್ಲಿ ಕೂತರು. ಮನೆಗೊಂದು ಮೊಬೈಲು, ಅದನ್ನು ಅಣ್ಣ ತಂಗಿ ಹಂಚಿಕೊಳ್ಳಬೇಕು, ನೆಟ್‌ವರ್ಕ್ ಬೇಕಂದ್ರೆ ಮಾಳಿಗೆ ಹತ್ತಬೇಕು. ಇಷ್ಟೆಲ್ಲ ಒದ್ದಾಟದ ನಡುವೆ ಹುಡುಗರಿಗೆ ಒಂದು ಗುಟ್ಟು ಗೊತ್ತಾಗಿಹೋಯ್ತು. ನಾವು ಮೇಷ್ಟ್ರುಗಳು ನಲವತ್ತೈದು ನಿಮಿಷ ಕೂತು ಬರೆಸುತ್ತಿದ್ದ ನೋಟ್ಸು, ಅದಕ್ಕಿಂತ ಚೆನ್ನಾಗಿ, ಚಿತ್ರ ಸಮೇತ, ಬೇಕೆಂದಾಗ ನಿಲ್ಲಿಸಿ ಮತ್ತೆ ಕೇಳುವ ಹಾಗೆ ಬೇರೆ ಕಡೆ ಸಿಗುತ್ತೆ! ಆ ವರ್ಷ ನವೆಂಬರಿನಲ್ಲಿ ಕಾಲೇಜು ತೆರೆದಾಗ ಬಂದವರು ಹಳೆಯ ಹುಡುಗರಾಗಿರಲಿಲ್ಲ. "ಬರೆಸಬೇಡಿ ಸಾರ್, ಪಿಡಿಎಫ್ ಹಾಕಿಬಿಡಿ" ಅಂದರು.

ಟೀ ಅಂಗಡಿಯವರು ಹೇಳುವ ಅರ್ಧ ಸತ್ಯ ಇದೇ. ನೋಟ್ಸ್ ಬರೆಸುವ ಮೇಷ್ಟ್ರ ಕೆಲಸ ಹೋಯ್ತು. ಹೋಗಿದ್ದು ಒಳ್ಳೆಯದೇ ಆಯ್ತು ಅಂತ ನಾನು ಹೇಳ್ತೀನಿ.

ಇಂಟರ್‌ನೆಟ್ಟಿನಿಂದ ಬಂದ ಲಾಭವೂ ಸಣ್ಣದಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ನಮ್ಮ ಜಿಲ್ಲೆಯ ಶಾಸನಗಳದ್ದು. ಒಂದು ಕಾಲಕ್ಕೆ ಅದನ್ನು ನೋಡಬೇಕಂದ್ರೆ ದೊಡ್ಡ ಲೈಬ್ರರಿಗಳಿಗೇ ಹೋಗಬೇಕಿತ್ತು. ಈಗ ಹೊಳಲ್ಕೆರೆಯ ಹುಡುಗಿ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ರೈಲು ಕಾಯುತ್ತಾ ಪುಟ ತಿರುಗಿಸಬಹುದು, ಕಾಸು ಖರ್ಚಿಲ್ಲ. ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧಗಳು ಸಿಗುತ್ತವೆ. ತಾಲ್ಲೂಕು ಕಾಲೇಜಿನ ಲೈಬ್ರರಿ ಯಾವತ್ತೂ ಇಷ್ಟು ದೊಡ್ಡದಾಗಿರಲಿಲ್ಲ.

ಹಾಗಾದರೆ ಉಳಿದರ್ಧ ಏನು?

ಒಂದು ಉದಾಹರಣೆ ಕೊಡ್ತೀನಿ. ದುರ್ಗದ ಕೋಟೆಯ ಮಗ್ಗುಲಲ್ಲೇ ಚಂದ್ರವಳ್ಳಿ ಇದೆಯಲ್ಲ, ಅಲ್ಲೊಂದು ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ಕೆರೆಯ ವಿಷಯದ್ದು. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅಲ್ಲಿ ಉತ್ಖನನ ಮಾಡಿದರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬಂದರು. ಶಾಸನದಲ್ಲಿ ಪಲ್ಲವ, ಆಭೀರ, ತ್ರೈಕೂಟ, ಪುನ್ನಾಟ ಮೊದಲಾದ ಹೆಸರುಗಳಿವೆ ಅಂತ ಕೃಷ್ಣ ಓದಿದರು. ವಿಡಿಯೋ ಪಾಠದಲ್ಲಿ ಇದು ಒಂದೇ ಸಾಲು: "ಮಯೂರಶರ್ಮ ಇವರನ್ನೆಲ್ಲ ಗೆದ್ದ". ಪರೀಕ್ಷೆಗೆ ಅಷ್ಟು ಸಾಕು. ಆದರೆ ಹುಡುಗರನ್ನು ಆ ಬಂಡೆಯ ಮುಂದೆ ನಿಲ್ಲಿಸಿ ನೋಡಿ. ಸವೆದ ಅಕ್ಷರ ಕಂಡ ಕೂಡಲೇ ಯಾರಾದರೊಬ್ಬರು ಕೇಳೇ ಕೇಳ್ತಾರೆ, "ಸಾರ್, ಇದರಲ್ಲಿ ಅಷ್ಟೊಂದು ಹೆಸರು ಹೆಂಗೆ ಓದಿದರು?" ಆಮೇಲೆ ಬಂದ ವಿದ್ವಾಂಸರು ಕೇಳಿದ್ದೂ ಇದೇ ಪ್ರಶ್ನೆ. ಕೃಷ್ಣರ ಓದನ್ನು ಎಲ್ಲರೂ ಒಪ್ಪಿಲ್ಲ. ಆ ಜಗಳ ಹುಡುಗರಿಗೆ ಅರ್ಥವಾದ ದಿನ ಅವರು ಇತಿಹಾಸ ಓದಲು ಶುರು ಮಾಡಿದರು ಅಂತ ಲೆಕ್ಕ. ಅಲ್ಲಿಯವರೆಗೆ ಉರು ಹೊಡೆದದ್ದು ಅಷ್ಟೇ.

ಹಿರಿಯೂರಿನ ಭೂಗೋಳದ ಹುಡುಗನಿಗೆ ವಾಣಿವಿಲಾಸ ಸಾಗರ ಕೂಗಳತೆ ದೂರ. 1907ಕ್ಕೆ ಮುಗಿದ ಕಟ್ಟೆ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಯಾಕೆ ತುಂಬಲಿಲ್ಲ? ಅಡಿಕೆ ಧಾರಣೆ ಯಾಕೆ ಹೀಗೆ ಏರಿಳಿಯುತ್ತೆ ಅಂತ ಎಕನಾಮಿಕ್ಸ್ ಹುಡುಗಿ ಭೀಮಸಮುದ್ರದ ಮಂಡಿಯಲ್ಲಿ ಕೇಳಬಹುದು. ದೆಹಲಿಯಲ್ಲಿ ರೆಕಾರ್ಡ್ ಮಾಡಿದ ವಿಡಿಯೋಗೆ ನಮ್ಮ ಕಣಿವೆ ಗೊತ್ತಿಲ್ಲ, ನಮ್ಮ ಮಂಡಿ ಗೊತ್ತಿಲ್ಲ. ಗೊತ್ತಿರೋದು ಇಲ್ಲಿನ ಮೇಷ್ಟ್ರಿಗೆ, ಅಥವಾ ಗೊತ್ತಿರಬೇಕಾದದ್ದು. ಪಾಠವನ್ನು ಮೊಬೈಲಿಗೆ ಬಿಟ್ಟುಕೊಟ್ಟ ಮೇಷ್ಟ್ರು ಹೋಗಬೇಕಾದ ಜಾಗ ಇದೇ ಅಂತ ನನ್ನ ವಾದ.

ಆದರೆ ಆಗ್ತಿರೋದು ಬೇರೆ. 2020ರಲ್ಲಿ ವೆಬಿನಾರುಗಳ ಜಾತ್ರೆ ನೋಡಿದಿರಲ್ಲ? ಲಿಂಕ್ ಒತ್ತು, ಮೈಕ್ ಮ್ಯೂಟ್ ಮಾಡು, ಅಡುಗೆ ಮನೆಗೆ ಹೋಗು, ಕೊನೆಗೆ ಫಾರ್ಮ್ ತುಂಬು, ಇ-ಸರ್ಟಿಫಿಕೇಟ್ ತಗೋ. ಸೆಮಿನಾರಿಗೆ ಹೋಗಿ ಊಟದ ಸಾಲಿನಲ್ಲಿ ಹಿರಿಯ ಸಂಶೋಧಕರ ಜೊತೆ ವಾದ ಮಾಡುವುದರಲ್ಲಿ ಏನು ಕಲಿಯುತ್ತಿದ್ದೆವೋ ಅದು ಆ ಸರ್ಟಿಫಿಕೇಟಿನಲ್ಲಿ ಇಲ್ಲ. ಈಗ ಅಸೈನ್‌ಮೆಂಟನ್ನೂ ಎಐ ಬರೆದುಕೊಡುತ್ತೆ. ಬರೆಸುವ ಮೇಷ್ಟ್ರು, ಬರೆದುಕೊಳ್ಳುವ ಹುಡುಗ, ಇಬ್ಬರೂ ಇಲ್ಲದೆಯೇ ನೋಟ್ಸು ಮಾತ್ರ ಓಡಾಡ್ತಿದೆ!

ಇನ್ನೊಂದು ಭಯ ನನಗೆ ದೊಡ್ಡದು. ಒಂದು ಸೆಮಿಸ್ಟರಿನ ಶೇಕಡಾ 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಬಹುದು ಅಂತ ಯುಜಿಸಿ 2021ರಲ್ಲಿ ನಿಯಮ ತಂದಿದೆ. ಒಳ್ಳೆಯ ಉದ್ದೇಶವೇ ಇರಬಹುದು. ಆದರೆ ನಮ್ಮ ಸರ್ಕಾರಿ ಕಾಲೇಜುಗಳು ನಡೀತಿರೋದೇ ಅತಿಥಿ ಉಪನ್ಯಾಸಕರಿಂದ. 2022ರ ಜನವರಿಯಲ್ಲಿ ಅವರು ಮುಷ್ಕರ ಹೂಡಿದ್ದಾಗ ಸರ್ಕಾರ ಗೌರವಧನ ಹೆಚ್ಚಿಸಿತು, ಜೊತೆಗೇ ವಾರಕ್ಕೆ ಹದಿನೈದು ಗಂಟೆ ಪಾಠ ಅಂತ ಮಾಡಿತು. ಒಬ್ಬರಿಗೆ ಗಂಟೆ ಜಾಸ್ತಿಯಾದರೆ ಇನ್ನೊಬ್ಬರಿಗೆ ಕೆಲಸ ಇಲ್ಲ, ಲೆಕ್ಕ ಸುಲಭ. ಇಂಥ ಕಡೆ "ಆ ಪೇಪರ್ ಆನ್‌ಲೈನಲ್ಲಿ ಇದೆಯಲ್ಲ" ಅಂತ ಹೇಳಿಬಿಟ್ಟರೆ ಖಾಲಿ ಹುದ್ದೆ ಖಾಲಿಯಾಗೇ ಇರುತ್ತೆ, ಯಾರಿಗೂ ಗೊತ್ತಾಗೋದೂ ಇಲ್ಲ. ಆ ಕೋರ್ಸುಗಳೋ, ಹೆಚ್ಚಿನವು ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದ ಹೊಸದುರ್ಗದ ಹುಡುಗ ಅದನ್ನು ನೋಡಿ "ನನಗೆ ತಲೆ ಇಲ್ಲ" ಅಂದುಕೊಳ್ತಾನೆ. ತಲೆ ಇದೆ, ಪಕ್ಕದಲ್ಲಿ ಕೂತು ಬಿಡಿಸಿ ಹೇಳೋರಿಲ್ಲ.

ಹುಡುಗಿಯರ ಮಾತಂತೂ ಇನ್ನೂ ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿನ ನೆಪ ಹೋಯ್ತು, ಹಳ್ಳಿಯಿಂದ ಕಾಲೇಜಿಗೆ ಬರೋದು ಹಗುರಾಯ್ತು. ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳು ಹೊಸಿಲು ದಾಟಿ ನಾಲ್ಕು ಜನರ ಜೊತೆ ಬೆರೆಯೋಕೆ ಇರುವ ಒಂದೇ ಕಾರಣ "ಕ್ಲಾಸಿದೆ ಅಮ್ಮ" ಅನ್ನೋದು. ಕ್ಲಾಸು ಮೊಬೈಲಿಗೇ ಬಂದುಬಿಟ್ಟರೆ? ಲಾಕ್‌ಡೌನಿನಲ್ಲಿ ನೋಡಿದ್ದೇನೆ, ಪಾಠ ಕಿವಿಯಲ್ಲಿ, ಕೈ ಪಾತ್ರೆಯಲ್ಲಿ. ಆ ಎರಡು ವರ್ಷದಲ್ಲಿ ಮದುವೆಯಾಗಿ ಹೋದ ನನ್ನ ವಿದ್ಯಾರ್ಥಿನಿಯರ ಹೆಸರು ಹಾಜರಿ ಪುಸ್ತಕದಲ್ಲಿ ಈಗಲೂ ಇದೆ.

ಹಾಗಂತ ಮೊಬೈಲನ್ನು ಕಸಿದುಕೊಳ್ಳಿ ಅನ್ನೋಕೆ ನಾನು ಹೊರಟಿಲ್ಲ. ನನಗನ್ನಿಸೋದು ಇಷ್ಟು. ಹೇಳಿ ಮುಗಿಸುವ ಪಾಠವನ್ನು ವಿಡಿಯೋಗೆ ಬಿಡೋಣ, ಮನೆಯಲ್ಲಿ ನೋಡಿಕೊಂಡು ಬರಲಿ. ಅದನ್ನು ಕನ್ನಡದಲ್ಲಿ ಮಾಡುವ ಕೆಲಸ ನಮ್ಮ ವಿಶ್ವವಿದ್ಯಾನಿಲಯಗಳು ಮಾಡಲಿ. ದಾವಣಗೆರೆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ದುರ್ಗದ ಪಕ್ಕ ಗುಡ್ಡದ ರಂಗವ್ವನಹಳ್ಳಿಯಲ್ಲೇ ಇದೆ, ಈ ಜಿಲ್ಲೆಯ ಪಾಠ ಈ ಜಿಲ್ಲೆಯಲ್ಲೇ ತಯಾರಾಗಲಿ. ಉಳಿದ ಕ್ಲಾಸಿನ ಹೊತ್ತು ಪ್ರಶ್ನೆಗೆ, ಜಗಳಕ್ಕೆ, ಬಂಡೆಯ ಮುಂದೆ ನಿಲ್ಲೋದಕ್ಕೆ, ಕಟ್ಟೆಯ ಮೇಲೆ ನಡೆಯೋದಕ್ಕೆ ಇರಲಿ. ಆನ್‌ಲೈನ್ ಕೋರ್ಸ್ ತಗೊಂಡರೂ ಆ ವಿಷಯಕ್ಕೆ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ಇರಲೇಬೇಕು ಅಂತ ಕಟ್ಟುನಿಟ್ಟು ಮಾಡಲಿ. ಮೇಷ್ಟ್ರನ್ನು ಉಳಿಸೋಕೆ ಅಂತ ಈ ಮಾತು ಹೇಳ್ತಿಲ್ಲ. ಪ್ರಶ್ನೆ ಕೇಳುವ ಹುಡುಗರು ಉಳಿಯಬೇಕು ಅಂತ.

ನಿಮ್ಮಲ್ಲಿ ಕಾಲೇಜು ಮೇಷ್ಟ್ರುಗಳು, ಈಚೆಗೆ ಡಿಗ್ರಿ ಮುಗಿಸಿದವರು ಇದ್ದೇ ಇರ್ತೀರಿ. ನಿಮ್ಮೂರಿನಲ್ಲಿ ಹೇಗಿದೆ? ಮೊಬೈಲಿನಲ್ಲಿ ಸಿಗದ, ಕ್ಲಾಸಿನಲ್ಲೇ ಸಿಕ್ಕ ಒಂದು ಪಾಠ ನಿಮಗೆ ನೆನಪಿದೆಯಾ? ಇದ್ದರೆ ಅದು ಯಾವುದು ಅಂತ ಹೇಳಿ.